ವಿಡಿಯೊ ಗೇಮ್ ಪೆಟ್ಟಿಗೆಗೆ ನೀರು ನುಗ್ಗದಂತೆ ಮಾಡಿದವರು

ಕಳೆದ ಸೆಪ್ಟೆಂಬರ್ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ, ಹೊನ್ನಾವರದ ಹೊಳೆದಂಡೆಯ ತಮ್ಮ ಶೆಡ್ಡಿನಲ್ಲಿ, ದೋಣಿ ಕಟ್ಟುವ ಆಚಾರ್ರು ತೀರಿಕೊಂಡರು. ಕೈಯಲ್ಲಿ ಉಳಿ ಇರಲಿಲ್ಲ, ಚಹದ ಲೋಟವಿತ್ತು. ಮರುದಿನ ನಮ್ಮ ಪತ್ರಿಕೆಯ ನಾಲ್ಕನೇ ಪುಟದಲ್ಲಿ ಮೂರು ಸಾಲಿನ ಸುದ್ದಿ ಬಂತು. ಮೂರು ಸಾಲಿನಲ್ಲಿ ಎರಡು ತಪ್ಪಿದ್ದವು. ಅವರನ್ನು ‘ಕಾಷ್ಠಶಿಲ್ಪಿ’ ಎಂದು ಕರೆಯಲಾಗಿತ್ತು. ಅವರು ಯಾವ ಶಿಲ್ಪವನ್ನೂ ಮಾಡಿದವರಲ್ಲ. ‘ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂದಿತ್ತು. ಅವರಿಗಿದ್ದದ್ದು ಕುಮಟಾದಲ್ಲಿರುವ ಒಬ್ಬಳೇ ಮಗಳು. ಸುದ್ದಿ ಬರೆದವನು ನಾನೇ ಆದ್ದರಿಂದ ತಿದ್ದುಪಡಿಯನ್ನೂ ನಾನೇ ಬರೆಯಬೇಕು. ಅದು ಸ್ವಲ್ಪ ಉದ್ದವಾಗಿದೆ.

ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಹಾಕಿದರೂ ಯಾರಿಗೂ ಗುರುತು ಸಿಗುವುದಿಲ್ಲ. ಭಟ್ಕಳದಿಂದ ಕುಮಟಾದವರೆಗೆ ಬೋಟು ಇಟ್ಟುಕೊಂಡವರೆಲ್ಲ ಅವರನ್ನು ಆಚಾರ್ರು ಎಂದೇ ಕರೆಯುತ್ತಿದ್ದರು. ರೇಷನ್ ಅಂಗಡಿಯಲ್ಲಿ ಪೂರ್ತಿ ಹೆಸರು ಕೂಗಿದಾಗ ಅವರೂ ಹಿಂದೆ ತಿರುಗಿ, ಯಾರಪ್ಪ ಅದು ಎಂದು ನೋಡುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ಮರದ ವಸ್ತು ಯಾವುದೇ ಎದುರಾದರೂ ಅವರು ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ಕಿವಿಗೊಡುತ್ತಿದ್ದರು. ನಮ್ಮ ಕಚೇರಿಗೆ ಬಂದ ಮೊದಲ ದಿನ ನನ್ನ ಮೇಜನ್ನು ತಟ್ಟಿ, “ಇದು ಹೋದದ್ದು” ಎಂದರು. ಮೇಜು ಬಂದು ಎರಡು ವಾರವಾಗಿತ್ತು. ಸಂಪಾದಕರು ನಕ್ಕರು. ಆ ಮಳೆಗಾಲ ಮುಗಿಯುವುದರೊಳಗೆ ಮೇಜಿನ ಒಂದು ಕಾಲು ಕಳಚಿತು. ಸಂಪಾದಕರು ಅಂಗಡಿಯವನಿಗೆ ಫೋನು ಮಾಡಿ ಬೈದರು. ಆಚಾರ್ರು ಆಮೇಲೆ ಬಂದಾಗ ಮೇಜಿನ ಮಾತನ್ನೇ ಎತ್ತಲಿಲ್ಲ. ಕುರ್ಚಿಯನ್ನು ತಟ್ಟಿ ನೋಡಿ ನಿಂತೇ ಮಾತಾಡಿದರು.

ಅವರಿಗೆ ಗೊತ್ತಿದ್ದದ್ದು ಎರಡು ವಿಷಯ. ಮೊದಲನೆಯದು, ಹಳೆಯ ಮರ ಕೈಗೆ ಬಂದರೆ ಮೊದಲು ಕೆರೆಯಬೇಕು. “ಕೆರೀದೆ ಬಣ್ಣ ಹಾಕೂದು ಅಂದ್ರೆ ಮೀಯದೆ ಅಂಗಿ ಬದಲ್ಸಿದಾಂಗೆ” ಎನ್ನುತ್ತಿದ್ದರು. ಎರಡನೆಯದು, ಮರದಲ್ಲಿ ಕಾಣುವ ಪ್ರತಿಯೊಂದು ಸಂದಿಯೂ ವೈರಿ. ಅದಕ್ಕೆ ಹತ್ತಿ ತುಂಬಿ, ರಾಳ ಹಾಕಿ, ಕೊಡತಿಯಿಂದ ಬಡಿದು ಮುಚ್ಚಬೇಕು. ಈ ಎರಡು ವಿಷಯಗಳಿಂದ ಅವರು ಐವತ್ತು ವರ್ಷ ಜೀವನ ಮಾಡಿದರು. ಫೈಬರ್ ದೋಣಿಗಳು ಬಂದ ಮೇಲೆ ಅದೇ ಎರಡು ವಿಷಯಗಳನ್ನು ಹಿಡಿದುಕೊಂಡು ಮನೆಸಾಮಾನಿನ ಕೆಲಸಕ್ಕೆ ಇಳಿದರು. ತೊಂದರೆ ಶುರುವಾದದ್ದು ಅಲ್ಲಿ.

ಹೊಳನಗದ್ದೆಯ ಒಬ್ಬ ಗೃಹಿಣಿ ಬಟ್ಟೆಯ ಕಪಾಟನ್ನು ರಿಪೇರಿಗೆ ಕೊಟ್ಟಿದ್ದರು. ಮರಳಿ ಬಂದ ಕಪಾಟಿನ ಬಾಗಿಲು ತೆಗೆಯಲು ಇಬ್ಬರು ಬೇಕಾಯಿತು. ಜುಲೈ ಹೊತ್ತಿಗೆ ಒಳಗಿನ ರೇಷ್ಮೆ ಸೀರೆಗಳಿಗೆ ಬೂಸಲು ಹಿಡಿಯಿತು. ಆಕೆ ಶೆಡ್ಡಿಗೇ ಬಂದು ಜಗಳ ತೆಗೆದರು.

“ಒಳಗೆ ನೀರು ಬಂತಾ?” ಎಂದು ಆಚಾರ್ರು ಕೇಳಿದರು.

“ನೀರು ಬರ್ಲಿಲ್ಲ.”

“ಮತ್ತೆಂತ?”

 ಕಪಾಟು ಈಗಲೂ ಆಕೆಯ ಮನೆಯಲ್ಲಿದೆ. ಅಕ್ಕಿ ಹಾಕಿಟ್ಟಿದ್ದಾರೆ, ಇಲಿ ಹೋಗಿಲ್ಲ.

ಒಮ್ಮೆ ತಾಲೂಕಿನ ಸಮಾರಂಭವೊಂದರಲ್ಲಿ ಅವರಿಗೆ ಸನ್ಮಾನವಾಯಿತು. ಪರಂಪರೆಯ ಕಸುಬುದಾರರು ಎಂಬ ಸಾಲಿನಲ್ಲಿ ಅವರಿಗೆ ಶಾಲು, ಹಣ್ಣಿನ ಬುಟ್ಟಿ ಮತ್ತು ಒಂದು ಪುಟ್ಟ ದೋಣಿಯ ಸ್ಮರಣಿಕೆ ಕೊಡಲಾಯಿತು. ಅತಿಥಿಗಳು ಮರದ ದೋಣಿಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಅಷ್ಟರಲ್ಲಿ ಆಚಾರ್ರು ಹೆಬ್ಬೆರಳಿನ ಉಗುರಿನಿಂದ ಸ್ಮರಣಿಕೆಯ ತಳವನ್ನು ಕೆರೆದು ನೋಡಿ, ಪಕ್ಕದಲ್ಲಿ ಕುಳಿತಿದ್ದ ಅಧಿಕಾರಿಗೆ, “ಥರ್ಮಾಕೋಲು” ಎಂದು ತಿಳಿಸಿದರು. ಮೈಕು ಹತ್ತಿರದಲ್ಲೇ ಇತ್ತು. ವರದಿಯಲ್ಲಿ ನಾನು ಆ ಒಂದು ಪದವನ್ನು ಸೇರಿಸಿದ್ದೆ. ಮುದ್ರಣದಲ್ಲಿ ಅದು ಇರಲಿಲ್ಲ.

ಅವರ ಇನ್ನೊಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಳೆಯ ಬೋಟನ್ನು ಕೆರೆಯುವ ಮೊದಲು, ಅದರ ಮೈಮೇಲಿದ್ದ ಹೆಸರು ಮತ್ತು ನಂಬರಿನ ಮೇಲೆ ತೆಳುವಾದ ಕಾಗದ ಹಿಡಿದು, ತೆಂಗಿನ ಚಿಪ್ಪಿನ ಮಸಿಯಿಂದ ಉಜ್ಜುತ್ತಿದ್ದರು. ಅಕ್ಷರದ ಗುರುತು ಕಾಗದದ ಮೇಲೆ ಮೂಡುತ್ತಿತ್ತು. ಕೆರೆದು, ಎಣ್ಣೆ ಕುಡಿಸಿ, ಬಣ್ಣ ಹಚ್ಚಿದ ಮೇಲೆ ಆ ಕಾಗದವನ್ನು ನೋಡಿಕೊಂಡು ಹೆಸರನ್ನು ಇದ್ದ ಜಾಗದಲ್ಲೇ ಮತ್ತೆ ಬರೆಯುತ್ತಿದ್ದರು. ಬರೆಯುವಾಗ ಅಕ್ಷರವನ್ನು ದುಂಡಗೆ ಮಾಡಿ, ಹಳದಿ ಬಣ್ಣಕ್ಕೆ ಕೆಂಪು ನೆರಳು ಕೊಟ್ಟು, ಎರಡೂ ತುದಿಗೆ ಒಂದೊಂದು ಹೂವು ಬಿಡಿಸುತ್ತಿದ್ದರು. ಕಾಗದವನ್ನು ಸುರುಳಿ ಸುತ್ತಿ ಶೆಡ್ಡಿನ ಜಂತಿಯ ಸಂದಿಗೆ ತುರುಕುತ್ತಿದ್ದರು. ಬೋಟು ನೀರಿನಲ್ಲಿರುವವರೆಗೆ ಸುರುಳಿ ಜಂತಿಯಲ್ಲಿ ಇರಬೇಕು ಎಂಬುದು ನಿಯಮ. ಬೋಟು ಒಡೆದ ಮೇಲೆ ಏನು ಮಾಡಬೇಕು ಎಂಬ ನಿಯಮ ಇರಲಿಲ್ಲವಾದ್ದರಿಂದ ಆ ಸುರುಳಿಗಳೂ ಅಲ್ಲೇ ಇದ್ದವು.

ಕಳೆದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಟೆಂಪೊ ಒಂದು ಭಟ್ಕಳದ ಕಡೆಯಿಂದ ಬಂದು ಶೆಡ್ಡಿನ ಮುಂದೆ ಆಳೆತ್ತರದ ಒಂದು ಪೆಟ್ಟಿಗೆಯನ್ನು ಇಳಿಸಿತು. ನಾನು ಬೇರೆ ಸುದ್ದಿಗೆಂದು ಅಲ್ಲಿಗೆ ಹೋಗಿದ್ದೆ. ಪೆಟ್ಟಿಗೆಯ ಜೊತೆ ಬಂದವರು ಭಟ್ಕಳದ ಪಕ್ಕದ ಜಾಲಿಯವರು. ಇಪ್ಪತ್ತು ವರ್ಷ ದುಬೈಯಲ್ಲಿದ್ದು ಊರಿಗೆ ಮರಳಿ ಕಾಫಿ ಅಂಗಡಿ ತೆರೆಯುವವರಿದ್ದರು. ಆಚಾರ್ರು ಅವರನ್ನು ಸಾಹೇಬ್ರೆ ಎಂದು ಕರೆದರು. ನಾನೂ ಹಾಗೇ ಬರೆಯುತ್ತೇನೆ.

ಪೆಟ್ಟಿಗೆ ವಿಡಿಯೊ ಗೇಮಿನದು. ಬಾಹ್ಯಾಕಾಶದಿಂದ ಇಳಿದು ಬರುವ ಹುಳುಗಳಂಥವಕ್ಕೆ ಗುಂಡು ಹೊಡೆಯುವ ಆಟ. ಒಂದು ರೂಪಾಯಿ ನಾಣ್ಯ ಹಾಕಿ, ನಿಂತುಕೊಂಡು, ಹಿಡಿಕೆ ತಿರುಗಿಸಿ ಆಡುವಂಥದ್ದು. ಸಾಹೇಬರ ಅಣ್ಣ ಹಿಂದೆ ಭಟ್ಕಳದಲ್ಲಿ ಇಂಥ ಯಂತ್ರವಿದ್ದ ಒಂದು ಸಣ್ಣ ಅಂಗಡಿ ನಡೆಸಿದ್ದರು. ಆಮೇಲೆ ಅವರೂ ಕೊಲ್ಲಿ ದೇಶಕ್ಕೆ ಹೋದರು. ಅಲ್ಲೇ ಎದೆನೋವಿನಿಂದ ತೀರಿಕೊಂಡರು. ಅಲ್ಲೇ ಮಣ್ಣು ಮಾಡಲಾಯಿತು. ಯಂತ್ರ ಗೋದಾಮಿನಲ್ಲಿ ಉಳಿದಿತ್ತು. ಅದರ ತಳ ಒಂದು ಮೊಳದಷ್ಟು ಕೊಳೆತಿತ್ತು, ಬಲಬದಿಗೆ ಗೆದ್ದಲು ಹತ್ತಿತ್ತು, ಒತ್ತುವ ಗುಂಡಿಗಳ ಜಾಗದಲ್ಲಿ ತೂತುಗಳಿದ್ದವು. ಪೀಠೋಪಕರಣದ ಅಂಗಡಿಗಳವರು ಇದನ್ನು ಎಸೆಯಿರಿ, ಹೊಸ ಪ್ಲೈವುಡ್ಡಿನಲ್ಲಿ ಹಳೆಯದರಂತೆ ಮಾಡಿಕೊಡುತ್ತೇವೆ ಎಂದಿದ್ದರಂತೆ. ಈಗ ಹಳೆಯದರಂತೆ ಕಾಣುವುದಕ್ಕೆ ಬೇಡಿಕೆಯಿದೆ, ಹಳೆಯದಕ್ಕೆ ಇಲ್ಲ.

ಆಚಾರ್ರು ಪೆಟ್ಟಿಗೆಯನ್ನು ಸುತ್ತಲೂ ತಟ್ಟಿದರು.

“ಇದ್ರಲ್ಲಿ ಎಷ್ಟು ಜನ ಕೂರೂದು?”

“ಯಾರೂ ಕೂರುದಿಲ್ಲ, ಆಚಾರ್ರೆ. ಒಬ್ಬ ಹೊರಗೆ ನಿಂತು ಆಡುದು.”

“ಒಳಗೆಂತ ಅದೆ?”

“ಟಿ.ವಿ. ಇದೆ, ವಯರಿದೆ. ಅದನ್ನ ಕುಮಟಾದ ಟಿ.ವಿ. ಮೆಕ್ಯಾನಿಕ್ ನೋಡ್ಕೊಳ್ತಾನೆ. ನೀವು ಮರ ನೋಡಿ. ಹೊಸದರ ಹಾಗೆ ಆಗ್ಬೇಕು.”

“ಆತು” ಎಂದರು ಆಚಾರ್ರು.

ಪೆಟ್ಟಿಗೆಯ ಎಡಬದಿಯ ತುಂಬ ಕೀಲಿಯಿಂದ ಕೊರೆದ ಕನ್ನಡ ಬರಹವಿತ್ತು. ಅಣ್ಣ ಬರೆದದ್ದು: ಯಾರು ಎಷ್ಟು ಅಂಕ ಗಳಿಸಿದರು, ಯಾರು ನಾಣ್ಯದ ಬದಲು ಕಬ್ಬಿಣದ ವಾಷರ್ ಹಾಕಿ ಆಡಿದರು ಎಂಬ ಪಟ್ಟಿ. ಸಾಹೇಬರು ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಚಿಕ್ಕಂದಿನಿಂದ ಅದನ್ನು ಪೆಟ್ಟಿಗೆಯ ಜೊತೆಗೇ ನೋಡಿದ್ದ ಅವರಿಗೆ, ಯಾರಾದರೂ ಅದನ್ನು ಹಾಳಾದ ಜಾಗವೆಂದು ಎಣಿಸಬಹುದು ಎಂಬುದು ಹೊಳೆಯಲಿಲ್ಲ.

ಕೆಲಸ ನಾಲ್ಕು ತಿಂಗಳು ನಡೆಯಿತು. ಕೊಳೆತ ತಳವನ್ನು ಕತ್ತರಿಸಿ, ಒಳ್ಳೆಯ ಮರಕ್ಕೆ ಹೊಸ ಮರವನ್ನು ಓರೆಯಾಗಿ ಸೀಳಿ ಕೂಡಿಸಿದರು. ಆ ಕೂಡು ಎಲ್ಲಿದೆಯೆಂದು ನನಗೆ ಬೆರಳಿಟ್ಟು ತೋರಿಸಬೇಕಾಯಿತು. ಗೆದ್ದಲು ತಿಂದ ಕಡೆ ಗೇರೆಣ್ಣೆ ಕುಡಿಸಿದರು. ಆಮೇಲೆ ಹಿಂಬದಿಯಲ್ಲಿದ್ದ ಗಾಳಿಯ ಸೀಳುಗಳನ್ನೆಲ್ಲ ಹತ್ತಿ ತುಂಬಿ, ರಾಳ ಹಾಕಿ, ನೀಟಾಗಿ ಮುಚ್ಚಿದರು.

ಕುಮಟಾದ ಮೆಕ್ಯಾನಿಕ್ ಬಂದು ಟಿ.ವಿ. ಕೂರಿಸಿ ಸ್ವಿಚ್ಚು ಹಾಕಿದ. ಹುಳುಗಳು ಇಳಿದು ಬಂದವು. ಇಪ್ಪತ್ತು ನಿಮಿಷದ ಮೇಲೆ ಪೆಟ್ಟಿಗೆ ಬಿಸಿಯಾಗಿ ಆರಿಹೋಯಿತು.

“ಆಚಾರ್ರೆ, ಇದಕ್ಕೆ ಉಸ್ರಾಡೂಕೆ ಜಾಗ ಬೇಕು.”

“ಉಸ್ರಾಡಿದ ಬೋಟೆಲ್ಲ ಹೊಳೆ ತಳದಲ್ಲದೆ.”

“ಇದು ಬೋಟಲ್ಲ ಮಾರಾಯ್ರೆ.”

“ನೀ ಮರದ್ದು ಮಾತಾಡ್ಬೇಡ. ನಾ ನಿನ್ನ ವಯರ್ ಮುಟ್ಟಿದ್ನಾ?”

ಆಚಾರ್ರು ಚಹಕ್ಕೆ ಹೋದಾಗ ಮೆಕ್ಯಾನಿಕ್ ಹಿಂಬದಿಗೆ ಎಂಟು ತೂತು ಕೊರೆದ. ಆತ ಊಟಕ್ಕೆ ಹೋದಾಗ ಆಚಾರ್ರು ಎಂಟನ್ನೂ ಮುಚ್ಚಿದರು. ಇದು ಎರಡು ದಿನ ನಡೆಯಿತು. ಮೂರನೆಯ ದಿನ ಆಚಾರ್ರೇ ಒಂದು ದಾರಿ ಕಂಡುಹಿಡಿದರು: ಬೋಟಿನ ಎಂಜಿನ್ ಕೋಣೆಗೆ ಮಾಡುವಂತೆ, ಕೆಳಮುಖವಾಗಿ ಓರೆಯಿರುವ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದರು. ಗಾಳಿ ಹೋಗುತ್ತದೆ, ಅಲೆ ಬಡಿದರೂ ನೀರು ನುಗ್ಗುವುದಿಲ್ಲ. ಯಂತ್ರ ಮತ್ತೆ ಬಿಸಿಯಾಗಲಿಲ್ಲ. ಕಾಫಿ ಅಂಗಡಿಯೊಳಗೆ ಅಲೆ ಎಲ್ಲಿಂದ ಬರುತ್ತದೆ ಎಂದು ಮೆಕ್ಯಾನಿಕ್ ಕೇಳಿದ. ಅದಕ್ಕೆ ಆಚಾರ್ರು, ನಿನಗೆ ಇನ್ನೂ ಸಣ್ಣ ಪ್ರಾಯ ಎಂದರು. ಮೆಕ್ಯಾನಿಕ್‌ಗೆ ಐವತ್ತೆರಡು.

ಜೂನ್ ನಡುವಿನಲ್ಲಿ ಪೆಟ್ಟಿಗೆ ಜಾಲಿಗೆ ಹೊರಟಿತು. ಮಳೆ ಸುರಿಯುತ್ತಿತ್ತು. ಟೆಂಪೊದವನು ತಾಡಪತ್ರಿ ತಂದಾಗ ಆಚಾರ್ರಿಗೆ ಅವಮಾನವಾಯಿತು. ನೀರು ಹೋಗುತ್ತದೋ ಇಲ್ಲವೋ ನೋಡೋಣ, ಹಾಗೇ ಒಯ್ಯಿ ಎಂದರು. ಸಾಹೇಬರು ಫೋನಿನಲ್ಲಿ ಕೇಳಿಕೊಂಡ ಮೇಲೆ ಒಪ್ಪಿದರು. ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡು ಕುಳಿತಿದ್ದರು. ಜಾಲಿಯಲ್ಲಿ ಹಿಂಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ತಾಡಪತ್ರಿ ಎಳೆದಾಗ ನಾನು ಅಲ್ಲಿದ್ದೆ. ಉದ್ಘಾಟನೆಯ ಸುದ್ದಿಗೆ ಚಿತ್ರ ಬೇಕಿತ್ತು.

ಪೆಟ್ಟಿಗೆ ಹೊಸದರ ಹಾಗೆ ಹೊಳೆಯುತ್ತಿತ್ತು. ನೀಲಿ ಮೈ, ಬಿಳಿ ಅಂಚು. ಎಡಬದಿಯಲ್ಲಿ ಅಣ್ಣನ ಪಟ್ಟಿ ಒಂದು ಸಾಲೂ ಬಿಡದೆ ಇತ್ತು: ದುಂಡಗಿನ ಹಳದಿ ಅಕ್ಷರ, ಕೆಂಪು ನೆರಳು, ಪ್ರತಿ ಹೆಸರಿನ ಎರಡೂ ತುದಿಗೆ ಹೂವು. ವಾಷರ್ ಹಾಕಿದವರಿಗೂ ಹೂವಿತ್ತು.

ಸಾಹೇಬರು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಆಚಾರ್ರೆ, ಇದು ನಮ್ಮ ಅಣ್ಣನ ಅಕ್ಷರ ಅಲ್ಲ.”

“ಅವ್ರ ಅಕ್ಷರ ಸುಮಾರಿತ್ತು” ಎಂದರು ಆಚಾರ್ರು. “ಸಾಲು ಸೊಟ್ಟ. ನಾ ಸರಿ ಮಾಡಿದೆ.”

ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತರು. ಅಣ್ಣ ಕೊಲ್ಲಿಯಿಂದ ಕಾಗದ ಬರೆದವರಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಕ್ಯಾಸೆಟ್ಟುಗಳು ಅಂಟಿಕೊಂಡು ಹೋಗಿದ್ದವು. ಶಾಲೆಯ ನೋಟುಪುಸ್ತಕಗಳು ಎಂದೋ ರದ್ದಿಗೆ ಹೋಗಿದ್ದವು. ಅವರ ಕೈಬರಹವೆಂದು ಉಳಿದದ್ದು ಈ ಪೆಟ್ಟಿಗೆಯ ಮೇಲಿನ ಗೀರುಗಳು ಮಾತ್ರ. ತಾಯಿಗೆ ಅದನ್ನು ತೋರಿಸಬೇಕೆಂದೇ ಗೋದಾಮಿನಿಂದ ಯಂತ್ರವನ್ನು ಹೊರಗೆ ತೆಗೆಸಿದ್ದು. ಇಷ್ಟನ್ನೂ ಅವರು ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದರು.

ಆಚಾರ್ರು ಪೆಟ್ಟಿಗೆಯನ್ನು ತಟ್ಟಿದರು. ತಟ್ಟುವ ಅಗತ್ಯ ಇರಲಿಲ್ಲ.

“ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಮ್ಗೆ?” ಎಂದರು. ಆಮೇಲೆ, “ಮಸಿ ಕಾಗದ ಅದೆ. ಅದ್ರಲ್ಲಿ ಅವ್ರು ಕೊರೆದಾಂಗೇ ಅದೆ.”

ಸಾಹೇಬರು ಎದ್ದು ನಿಂತರು. ಈಗಲೇ ಹೊನ್ನಾವರಕ್ಕೆ ಹೋಗೋಣ, ಕಾರಿದೆ ಎಂದರು.

“ಈಗ ಆಗೂದಿಲ್ಲ. ಮಳೇಲಿ ಸುರುಳಿ ಬಿಚ್ಚಿದ್ರೆ ಮಸಿ ಎದ್ದು ಹೋತದೆ. ನವರಾತ್ರಿ ಕಳೀಲಿ. ಬಿಸ್ಲು ಬಿದ್ದ ಮೇಲೆ ನಾನೇ ತೆಗ್ದು ಕೊಡ್ತೆ.”

“ಕೊಡ್ತೀರಾ?”

“ನೋಡೂಕೆ ಕೊಡ್ತೆ. ಇಟ್ಕೊಳ್ಳೂಕೆ ಅಲ್ಲ. ಪೆಟ್ಟಿಗೆ ಇರೂವರೆಗೆ ಅದು ಜಂತೀಲಿರ್ಬೇಕು.”

ಯಾವ ಸುರುಳಿ ಎಲ್ಲಿದೆ ಎಂಬುದಕ್ಕೆ ಬರವಣಿಗೆಯ ದಾಖಲೆ ಇರಲಿಲ್ಲ. ಅದು ಆಚಾರ್ರ ತಲೆಯಲ್ಲಿತ್ತು. ಸಾಹೇಬರು ತಾಯಿಗೆ ನವರಾತ್ರಿ ಕಳೆಯಲಿ ಎಂದು ಹೇಳಿದರು. ಆಕೆ, ಹಾಗಾದರೆ ಅಂಗಡಿಗೂ ಆಮೇಲೆಯೇ ಬರುತ್ತೇನೆ ಎಂದರಂತೆ.

ಅಂಗಡಿ ನಡೆಯಿತು. ಜನ ಕಾಫಿಗಿಂತ ಹೆಚ್ಚಾಗಿ ಎಡಬದಿಯನ್ನು ಓದಲು ಬರತೊಡಗಿದರು. ಒಂದು ಕಾಲದಲ್ಲಿ ವಾಷರ್ ಹಾಕಿದ ಹುಡುಗರು ಈಗ ಊರಿನ ಗಣ್ಯರಾಗಿದ್ದರು. ಕೀಲಿಯ ಗೀರಾಗಿದ್ದಾಗ ಯಾರ ಕಣ್ಣಿಗೂ ಬೀಳದ ಹೆಸರುಗಳು ಈಗ ಬೀದಿಗೆ ಕಾಣುತ್ತಿದ್ದವು. ಮೂವರು ಅಂಗಡಿಗೆ ಬರುವುದನ್ನು ಬಿಟ್ಟರು. ಒಬ್ಬರು ಅದು ತಮ್ಮದೇ ಹೆಸರಿನ ಬೇರೆಯವರು ಎಂದರು. ಒಂದು ಸಹಕಾರಿ ಸಂಘದ ಉಪಾಧ್ಯಕ್ಷರು ಸಾಹೇಬರ ಬಳಿ ದೂರಿದಾಗ ಅವರು, ಬರೆದವರನ್ನೇ ಕೇಳಿ ಎಂದು ಹೊನ್ನಾವರದ ದಾರಿ ತೋರಿಸಿದರು. ಉಪಾಧ್ಯಕ್ಷರು ಶೆಡ್ಡಿಗೆ ಬಂದಾಗ ನಾನು ಆಚಾರ್ರ ಜೊತೆ ಚಹ ಕುಡಿಯುತ್ತಿದ್ದೆ.

“ಆಚಾರ್ರೆ, ಆ ಪೆಟ್ಟಿಗೆ ಮೇಲೆ ನನ್ನ ಹೆಸ್ರು ಅದೆ.”

“ಬಾಳ ಜನದ್ದು ಅದೆ.”

“ನನ್ನ ಹೆಸ್ರಿನ ಮುಂದೆ ಬರೆದದ್ದು ಸರಿ ಇಲ್ಲ.”

“ಅಕ್ಷರ ಸರಿ ಇಲ್ವಾ?”

“ಅಕ್ಷರ ಚಲೋ ಅದೆ. ವಿಷಯ ಸರಿ ಇಲ್ಲ.”

“ಸುಳ್ಳಾದ್ರೆ ಹೇಳಿ. ನಾಳೆಯೇ ಬಂದು ಅಳಸ್ತೆ.”

ಉಪಾಧ್ಯಕ್ಷರು ಹೊಳೆಯ ಕಡೆ ನೋಡಿದರು. ನನ್ನ ಕಡೆಯೂ ಒಮ್ಮೆ ನೋಡಿದರು. ಆಮೇಲೆ, “ಒಂದೇ ಸಲ” ಎಂದರು.

“ಹಾಂಗಾದ್ರೆ ಬರೆದದ್ದು ಪೂರಾ ಆಗ್ಲಿಲ್ಲ. ಬತ್ತೆ, ಸರಿ ಮಾಡ್ತೆ.”

ಮೂರು ದಿನ ಬಿಟ್ಟು ಆಚಾರ್ರು ಬಣ್ಣದ ಡಬ್ಬಿ ಹಿಡಿದು ಬಸ್ಸಿನಲ್ಲಿ ಜಾಲಿಗೆ ಹೋದರು. ‘ವಾಷರ್ ಹಾಕಿ ಆಡಿದವ’ ಎಂಬುದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ‘ಒಂದೇ ಸಲ’ ಎಂದು ಬರೆದು ಬಂದರು. ಅದಕ್ಕೂ ಹೂವು ಹಾಕಿದರು. ನಮ್ಮ ಪತ್ರಿಕೆ ಇಷ್ಟು ಚೊಕ್ಕವಾದ ತಿದ್ದುಪಡಿ ಪ್ರಕಟಿಸಿದ್ದು ನನಗೆ ನೆನಪಿಲ್ಲ. ಉಪಾಧ್ಯಕ್ಷರು ಸಂಘದ ಮುಂದಿನ ಚುನಾವಣೆಯಲ್ಲಿ ಅವಿರೋಧವಾಗಿ ಆಯ್ಕೆಯಾದರು.

ಆಗಸ್ಟಿನಲ್ಲಿ ಸಾಹೇಬರು ಎರಡು ಸಲ ಶೆಡ್ಡಿಗೆ ಬಂದರು. ಎರಡು ಸಲವೂ ಮಳೆಯಿತ್ತು. ಆಚಾರ್ರು ಕೈಯನ್ನು ಹೊರಗೆ ಚಾಚಿ, ಹನಿ ಬಿದ್ದ ಅಂಗೈಯನ್ನು ಅವರಿಗೆ ತೋರಿಸಿ, ಚಹ ತರಿಸಿದರು. ಸೆಪ್ಟೆಂಬರಿನಲ್ಲಿ ಏನಾಯಿತೆಂದು ಮೊದಲೇ ಬರೆದಿದ್ದೇನೆ.

ನವರಾತ್ರಿ ಕಳೆದ ಮೇಲೆ ಕುಮಟಾದಿಂದ ಆಚಾರ್ರ ಮಗಳು ಬಂದು ಶೆಡ್ಡಿನ ಬೀಗ ತೆಗೆದಳು. ಸಾಹೇಬರು, ಮೆಕ್ಯಾನಿಕ್ ಮತ್ತು ನಾನು ಏಣಿ ಹಾಕಿ ಸುರುಳಿಗಳನ್ನು ಇಳಿಸಿದೆವು. ಚೀಟಿಯಿಲ್ಲದ ಸುರುಳಿಗಳು. ಒಂದೊಂದನ್ನೇ ಬಿಸಿಲಿನಲ್ಲಿ ಬಿಚ್ಚಿದೆವು. ಎಂದೋ ಒಡೆದುಹೋದ ಬೋಟುಗಳ ಹೆಸರುಗಳು, ನಂಬರುಗಳು. ಹಲವು ಸುರುಳಿಗಳಲ್ಲಿ ಏನೂ ಇರಲಿಲ್ಲ, ಮಸಿ ಕಲೆ ಮಾತ್ರ. ಜೀವನವಿಡೀ ಬೇರೆಯವರ ಮರದೊಳಗೆ ಹನಿ ನೀರು ಬಿಡದ ಆಚಾರ್ರ ಶೆಡ್ಡಿನ ಹೆಂಚು ಮೂರು ಕಡೆ ಸೋರುತ್ತಿತ್ತು.

ಪೆಟ್ಟಿಗೆಯ ಸುರುಳಿ ನಾಲ್ಕನೇ ದಿನ ಸಿಕ್ಕಿತು. ಅಳತೆಯಿಂದ ಗೊತ್ತಾಯಿತು. ಕಾಗದ ಒದ್ದೆಯಾಗಿ ಒಂದಕ್ಕೊಂದು ಅಂಟಿತ್ತು. ಮಗಳು ಆದಷ್ಟು ಮೆಲ್ಲಗೆ ಬಿಡಿಸಿದಳು. ಬೂದು ಬಣ್ಣದ ಹಾಳೆ ಉಳಿಯಿತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು, ಮಡಚಿದರು, ಮಗಳ ಕೈಗೆ ಕೊಟ್ಟರು. ನಿಮ್ಮ ಅಪ್ಪ ಇದನ್ನು ಜಂತಿಯಲ್ಲೇ ಇಡಬೇಕೆಂದು ಹೇಳಿದ್ದರು ಎಂದರು. ಆಕೆ ಏಣಿ ಹತ್ತಿ ಇಟ್ಟಳು.

ಕಳೆದ ಬುಧವಾರ ಮೆಕ್ಯಾನಿಕ್ ಯಂತ್ರದ ಧೂಳು ತೆಗೆಯಲು ಜಾಲಿಗೆ ಹೋದ. ಹಿಂಬದಿ ತೆರೆಯಲು ಪೆಟ್ಟಿಗೆಯನ್ನು ಗೋಡೆಯಿಂದ ಮುಂದಕ್ಕೆ ಎಳೆದ. ಆ ಹೊತ್ತಿಗೆ ಸಾಹೇಬರು ತಾಯಿಯನ್ನು ಡಾಕ್ಟರ ಬಳಿಯಿಂದ ಕರೆದುಕೊಂಡು ಬರುತ್ತಿದ್ದವರು, ಬಿಸಿಲೆಂದು ಐದು ನಿಮಿಷ ಅಂಗಡಿಯಲ್ಲಿ ಕೂರಿಸಿದರು. ಇಲ್ಲಿಂದ ಮುಂದಿನದನ್ನು ಸಾಹೇಬರು, ಮೆಕ್ಯಾನಿಕ್ ಇಬ್ಬರ ಬಳಿಯೂ ಪ್ರತ್ಯೇಕವಾಗಿ ಕೇಳಿ ತಾಳೆ ನೋಡಿದ್ದೇನೆ.

ಹಿಂಬದಿಯಲ್ಲಿ, ಸ್ವಿಚ್ಚಿನ ಮೇಲೆ, ಉರ್ದು ಲಿಪಿಯ ಒಂದು ಸಾಲು ಇತ್ತು. ಹಳದಿ ಬಣ್ಣದಲ್ಲಿ, ನೆರಳಿಲ್ಲದೆ, ಹೂವಿಲ್ಲದೆ. ಸಾಲು ಮೇಲಿನಿಂದ ಕೆಳಗೆ ಇಳಿಜಾರಾಗಿತ್ತು. ಎರಡು ಕಡೆ ಅಣ್ಣನ ಕೀಲಿ ಜಾರಿ ಅಡ್ಡ ಗೀರಾದದ್ದೂ ಬಣ್ಣದಲ್ಲಿ ಹಾಗೇ ಮೂಡಿತ್ತು. ಸಾಹೇಬರು ಮೆಕ್ಯಾನಿಕ್‌ನ ಮುಖ ನೋಡಿದರು.

“ನಾ ಮೊದ್ಲೇ ನೋಡಿದ್ದೆ” ಎಂದ ಮೆಕ್ಯಾನಿಕ್. “ಯಾರೂ ಕೇಳ್ಲಿಲ್ಲ. ಆಚಾರ್ರಿಗೆ ಉರ್ದು ಬತ್ತಿರ್ಲಿಲ್ಲ ಅಲ್ದಾ, ಅದ್ಕೇ ಸರಿ ಮಾಡೂಕೆ ಹೋಗ್ಲಿಲ್ಲ.”

ತಾಯಿ ಎದ್ದು ಬಂದರು. ಕುರ್ಚಿಯನ್ನು ಗೋಡೆಗೂ ಪೆಟ್ಟಿಗೆಗೂ ನಡುವೆ ಹಾಕಿಸಿಕೊಂಡು ಕುಳಿತು ಓದಿದರು. ಒದ್ದೆ ಕೈಯಲ್ಲಿ ಇದನ್ನು ಮುಟ್ಟಬೇಡಿ ಎಂದು ಅದರಲ್ಲಿತ್ತು. ಆಕೆ ದುಪಟ್ಟಾದ ತುದಿಯಲ್ಲಿ ಬೆರಳುಗಳನ್ನು ಒರೆಸಿಕೊಂಡು ಸಾಲಿನ ಮೇಲೆ ಕೈಯಿಟ್ಟರು.

ಯಂತ್ರವನ್ನು ಇನ್ನೂ ಗೋಡೆಗೆ ಒತ್ತಿಲ್ಲ. ನಡುವೆ ಒಂದು ಕುರ್ಚಿ ಹಿಡಿಯುವಷ್ಟು ಜಾಗ ಇದೆ.